ಎರಡನೆಯ ಬ್ರೇಕ್

ಮಾರ್ಚ್ 3, ಸೋಮವಾರ

ಬೆಳಗ್ಗೆ ನಮ್ಮವಳು ಆಸ್ಪತ್ರೆಗೆ ಹೊರಡುವ ಅವಸರದಲ್ಲಿ ತಲೆ ಬಾಚಿಕೊಳ್ಳುತ್ತಿದ್ದಾಗ ನಾನು ಮತ್ತೆ ಮಗಳ ವಿಚಾರ ತೆಗೆದೆ. ಅವಳು ಬಾಚಣಿಗೆ ಕೆಳಗಿಟ್ಟಳು. "ರೀ, ನಿನ್ನೆಯಿಂದ ಇದು ನಾಲ್ಕನೇ ಸಲ. ವಾರ್ಡಿನಲ್ಲಿ ನನಗೆ ಇಪ್ಪತ್ತು ಜನ ಕಾಯ್ತಿರ್ತಾರೆ. ಮನಸ್ಸಲ್ಲಿರೋದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಟ್ಕೊಳ್ಳಿ, ನನ್ನ ತಲೆ ತಿನ್ನಬೇಡಿ" ಎಂದಳು. ಆದ್ದರಿಂದ ಬರೆಯುತ್ತಿದ್ದೇನೆ. ಹೋದ ವರ್ಷದ ಡ್ರೈವಿಂಗ್ ಪಾಠಗಳ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಖಾಲಿ ಹಾಳೆಗಳಿದ್ದವು. ನಾನು ಶಾಲೆಯಲ್ಲಿ ಓದಿದ್ದು ಆರನೆಯ ತರಗತಿಯವರೆಗೆ. ಉಳಿದ ಓದೆಲ್ಲ ಲಾರಿ ಓಡಿಸುವಾಗ ಮುಂದಿನ ಲಾರಿಯ ಬೆನ್ನು ನೋಡಿ ಆದದ್ದು. ತಪ್ಪಾದರೆ ತಿದ್ದುವವರು ಇಲ್ಲಿ ಯಾರೂ ಇಲ್ಲ, ಅದೇ ಸುಖ.

ವಿಷಯ ಇಷ್ಟೇ. ಮಗಳಿಗೆ ಏಪ್ರಿಲ್ ಏಳಕ್ಕೆ ಹದಿನೆಂಟು ತುಂಬುತ್ತದೆ. ಎಂಟಕ್ಕೆ ಡ್ರೈವಿಂಗ್ ಪರೀಕ್ಷೆಗೆ ದಿನ ಗೊತ್ತುಮಾಡಿಕೊಂಡು ಬಂದಿದ್ದಾಳೆ, ನನ್ನನ್ನು ಒಂದು ಮಾತು ಕೇಳದೆ. ಊರಾಚೆಯ ಹೊಲಮನೆಗಳಿಗೆ ಹೋಗಿ ದನ ಕುದುರೆಗಳಿಗೆ ಔಷಧ ಕೊಡುವ ಡಾಕ್ಟರಮ್ಮ ಒಬ್ಬರಿದ್ದಾರೆ. ಅವರಿಗೆ ಮೊಣಕಾಲು ನೋವು. ರಜೆಯಲ್ಲಿ ಕಾರು ಓಡಿಸಿ, ಔಷಧದ ಪೆಟ್ಟಿಗೆ ಹಿಡಿದು ಜೊತೆಗಿರಲು ಒಬ್ಬರು ಬೇಕಂತೆ. ಏಪ್ರಿಲ್ ಹದಿನಾಲ್ಕಕ್ಕೆ ಕೈಯಲ್ಲಿ ಲೈಸೆನ್ಸ್ ಇದ್ದರೆ ಇವಳೇ, ಇಲ್ಲದಿದ್ದರೆ ಬೇರೆಯವರು. ಬಿದ್ದ ಹಕ್ಕಿಮರಿಯನ್ನೆಲ್ಲ ಶೂ ಡಬ್ಬಿಯಲ್ಲಿಟ್ಟು ಮನೆ ತುಂಬಿಸಿದವಳು ಇಂಥದ್ದನ್ನು ಬಿಟ್ಟಾಳೆಯೇ?

ಪರೀಕ್ಷೆಯ ಅರ್ಜಿಗೆ ಕಲಿಸಿದವರ ಸಹಿ ಬೇಕು, ಏಪ್ರಿಲ್ ಮೂರರೊಳಗೆ. ಕಲಿಸಿದವನು ನಾನು. ಅಲ್ಲಿದೆ ತೊಡಕು.

ನಮ್ಮ ಕಸುಬಿನಲ್ಲಿ ಕಲಿಸುವವನ ಕಾಲ ಕೆಳಗೂ ಒಂದು ಬ್ರೇಕ್ ಇರುತ್ತದೆ. ನಾನು ಒತ್ತಿದರೆ ತಂತಿ ಎಳೆದು, ಕಲಿಯುವವರ ಪೆಡಲ್ ತಾನಾಗಿ ಕೆಳಗಿಳಿದು ಕಾರು ನಿಲ್ಲುತ್ತದೆ. ಪ್ರತಿ ಪಾಠದ ಕೊನೆಗೆ ಎಷ್ಟು ಸಲ ಒತ್ತಿದೆನೆಂದು ಬರೆದಿಡುತ್ತೇನೆ. ಒಂದಿಡೀ ಪಾಠಕ್ಕೆ ಸೊನ್ನೆ ಬಂದರೆ ಮಾತ್ರ ನನ್ನ ಸಹಿ. ಇಪ್ಪತ್ತಾರು ವರ್ಷದಲ್ಲಿ ಯಾರಿಗೂ ಇದನ್ನು ಸಡಿಲಿಸಿಲ್ಲ. ಊರವರು ನನ್ನನ್ನು ಬ್ರೇಕ್ ಮೇಷ್ಟ್ರು ಎನ್ನುತ್ತಾರೆ, ನನಗೆ ಗೊತ್ತಿಲ್ಲ ಎಂದುಕೊಂಡು.

ಮಾರ್ಚ್ 4, ಮಂಗಳವಾರ

ಮೊದಲ ಪಾಠ. ಹಳೆಯ ಕಾರಿನಲ್ಲಿ. ನನ್ನ ಡ್ರೈವಿಂಗ್ ಶಾಲೆ ಶುರುಮಾಡಿದಾಗ ಕೊಂಡದ್ದು ಅದು. ಈಗ ವಿದ್ಯಾರ್ಥಿಗಳಿಗೆ ಹೊಸ ಕಾರಿದೆ, ಹಳೆಯದು ಮನೆಯ ಓಡಾಟಕ್ಕೆ. ಎರಡನೆಯ ಬ್ರೇಕ್ ಮಾತ್ರ ಅದರಲ್ಲಿ ಹಾಗೇ ಉಳಿದಿದೆ.

ಅವಳ ಸೀಟನ್ನು ನಾನೇ ಮುಂದಕ್ಕೆ ಎಳೆದೆ. ಕನ್ನಡಿ ತಿರುಗಿಸಿದೆ. ಬೆಲ್ಟನ್ನೂ ನಾನೇ ಹಾಕಿದೆ. ಎರಡು ಸಲ ಎಳೆದು ನೋಡಿದೆ. "ಅಪ್ಪ, ಉಸಿರಾಡೋಕೆ ಸ್ವಲ್ಪ ಜಾಗ ಬಿಡ್ತೀಯಾ?" ಎಂದಳು.

ಬ್ರೇಕ್: 19.

ಮಾರ್ಚ್ 8, ಶನಿವಾರ

ಬ್ರೇಕ್: 16. ಮನೆ ಮುಟ್ಟುವ ಮೊದಲೇ ಜಗಳ. ಬ್ರೆಡ್ ಅಂಗಡಿಯ ತಿರುವಿನಲ್ಲಿ ನಾನು ಒತ್ತಿದ್ದು ಅನವಶ್ಯಕ ಎಂದು ಅವಳು, ಅವಶ್ಯಕ ಎಂದು ನಾನು. ಅವಳ ಗಂಟಲು ಕೇಳಿ ಅಂಗಡಿಯವರು ಹೊರಗೆ ಬಂದು ನೋಡಿದರು. ಇವಳಿಗೆ 'ಹಾರ್ನು' ಎಂಬ ಅಡ್ಡಹೆಸರು ಸುಮ್ಮನೆ ಬಂದದ್ದಲ್ಲ. ಹದಿನೈದು ದಿನದ ಕೂಸಾಗಿದ್ದಾಗ ಇವಳು ಅತ್ತದ್ದನ್ನು ಕೇಳಿ ನಮ್ಮ ಮೆಕ್ಯಾನಿಕ್, "ಮೇಷ್ಟ್ರೇ, ಇದನ್ನ ಬಾನೆಟ್ ಒಳಗಿಟ್ಟರೆ ಬೇರೆ ಹಾರ್ನು ಬೇಡ" ಎಂದಿದ್ದ. ಅಂದಿನಿಂದ ಅದೇ ಹೆಸರು. ಅವಳ ಅಜ್ಜಿಯೊಬ್ಬಳನ್ನು ಬಿಟ್ಟರೆ ಯಾರೂ ನಿಜವಾದ ಹೆಸರಲ್ಲಿ ಕರೆದದ್ದೇ ಇಲ್ಲ.

ರಾತ್ರಿಯೂಟಕ್ಕೆ ಕೂತಾಗ ನಮ್ಮವಳು ಹಳೆಯ ರಾಗ ತೆಗೆದಳು. ನಮ್ಮ ಕಸುಬಿನವರು ಸ್ವಂತ ಮಕ್ಕಳಿಗೆ ತಾವೇ ಕಲಿಸುವುದಿಲ್ಲ, ಅದಲು ಬದಲು ಮಾಡಿಕೊಳ್ಳುತ್ತಾರೆ. ಸೇತುವೆಯಾಚೆ ಡ್ರೈವಿಂಗ್ ಶಾಲೆ ನಡೆಸುವ ಮೇಡಂ ತಮ್ಮ ಇಬ್ಬರು ಮಕ್ಕಳನ್ನೂ ನನ್ನಲ್ಲಿಗೇ ಕಳಿಸಿದ್ದರು. ಈಗ ನೀವು ಕಳಿಸಿ ಎಂಬುದು ಇವಳ ವಾದ. ನಾನು ಒಪ್ಪಲಿಲ್ಲ. ಬೇರೆಯವರ ಕಾಲನ್ನು ನಂಬಿ ನನ್ನ ಮಗಳನ್ನು ರಸ್ತೆಗೆ ಬಿಡಲೇ?

"ನಾನೂ ಮದುವೆಯಾದ ಹೊಸದರಲ್ಲಿ ನಿಮ್ಮಪ್ಪನ ಹತ್ರ ಮೂರು ದಿನ ಕಲಿತೆ" ಎಂದು ನಮ್ಮವಳು ಮಗಳಿಗೆ ಹೇಳಿದಳು. "ನಾಲ್ಕನೇ ದಿನದಿಂದ ಬಸ್ಸು."

ಇಬ್ಬರೂ ತಟ್ಟೆ ಹಿಡಿದುಕೊಂಡು ನಕ್ಕರು. ನನಗೂ ನಗು ಬಂತು, ಆದರೆ ತೋರಿಸಿಕೊಳ್ಳಲಿಲ್ಲ.

ಮಾರ್ಚ್ 11, ಮಂಗಳವಾರ

ಕ್ಲಚ್ ಪ್ಲೇಟ್ ಸುಟ್ಟ ವಾಸನೆ. ಕಾರು ಮೆಕ್ಯಾನಿಕ್ ಹತ್ತಿರ. ಇಂದು, ನಾಳೆ ಪಾಠವಿಲ್ಲ. ಹಾರ್ನು ಅಡುಗೆಮನೆಯಲ್ಲಿ ಕುರ್ಚಿ ಹಾಕಿಕೊಂಡು, ತಟ್ಟೆಯನ್ನು ಸ್ಟೀರಿಂಗ್ ಮಾಡಿಕೊಂಡು ರಿವರ್ಸ್ ಅಭ್ಯಾಸ ಮಾಡುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಕುರ್ಚಿಯ ಹಿಂದೆ ಬೆಕ್ಕು ಮಲಗಿತ್ತು. ಅವಳು ಕುತ್ತಿಗೆ ತಿರುಗಿಸಿ ಬೆಕ್ಕನ್ನು ನೋಡಿ, ಕಾಲನ್ನು ನಿಧಾನವಾಗಿ ಒತ್ತಿ, ಅದು ಎದ್ದು ಹೋಗುವವರೆಗೂ ಕಾದಳು.

ಮಾರ್ಚ್ 13, ಗುರುವಾರ

ಕಾರು ಬಂತು. ಬ್ರೇಕ್: 11. ಎರಡು ದಿನದ ಬಿಡುವು ಒಳ್ಳೆಯದೇ ಮಾಡಿದೆ. ನನ್ನ ಪೆಡಲ್ ಮೆತ್ತಗಾಗಿದೆ, ಮೆಕ್ಯಾನಿಕ್ ಎಣ್ಣೆ ಬಿಟ್ಟಿರಬೇಕು. ಸುತ್ತಿಬಳಸಿ ಮಾತಾಡುತ್ತಾನೆ, ಅರ್ಧ ಮರೆಯುತ್ತಾನೆ, ಆದರೂ ಕೈಗುಣ ಒಳ್ಳೆಯದು.

ಹೊರಟ ಸ್ವಲ್ಪ ಹೊತ್ತಿಗೇ ಹಾರ್ನು ನನ್ನ ಕಾಲಿನ ಕಡೆ ನೋಡಿ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಎದುರಿಗೆ ಸೈಕಲ್. ನಾನು ಒತ್ತಿದೆ, ನಿಂತಿತು. "ನೋಡಿದ್ಯಾ? ನಾನಿಲ್ದಿದ್ರೆ ಏನಾಗ್ತಿತ್ತು? ಮಾತು ಆಮೇಲೆ, ಕಣ್ಣು ರಸ್ತೆ ಮೇಲಿರಲಿ" ಎಂದೆ. ಬಾಯಿ ಮುಚ್ಚಿಕೊಂಡಳು. ಹೇಳಿದ್ದನ್ನು ಕೇಳುವ ಬುದ್ಧಿಯೂ ಬರುತ್ತಿದೆ, ಪರವಾಗಿಲ್ಲ.

ಮಾರ್ಚ್ 18, ಮಂಗಳವಾರ

ಬ್ರೇಕ್: 8.

ಇಂದಿನದು ಬರೆದಿಡಲೇಬೇಕು. ಸಂತೆ ರಸ್ತೆಯಲ್ಲಿ ನಿಂತಿದ್ದ ವ್ಯಾನಿನ ಮರೆಯಿಂದ ಕಂದು ಬಣ್ಣದ ನಾಯಿಯೊಂದು ಚಂಗನೆ ಹಾರಿತು. ಕಾಲು ತಾನಾಗಿ ಹೋಗಿ ಕೂತಿತು. ಕಾರು ನಾಯಿಯಿಂದ ಒಂದು ಮೊಳ ದೂರ ನಿಂತಿತು. ನಾಯಿ ನಮ್ಮನ್ನೇ ತಪ್ಪಿತಸ್ಥರಂತೆ ನೋಡಿ ನಿಧಾನವಾಗಿ ದಾಟಿಹೋಯಿತು. ಐವತ್ತೇಳು ವರ್ಷದ ಕಾಲು ಇದು. ಇನ್ನೂ ಹೀಗೆ ಓಡುತ್ತದೆ ಎಂದು ನನಗೇ ಆಶ್ಚರ್ಯ. ಸಂಜೆ ನಮ್ಮವಳಿಗೆ ಎರಡು ಸಲ ಹೇಳಿದೆ. ಎರಡನೆಯ ಸಲ ಹೇಳುವಾಗ ನಾಯಿ ಸ್ವಲ್ಪ ಹತ್ತಿರ ಬಂದಿತ್ತು. ಹಾರ್ನು ಪುಸ್ತಕದಿಂದ ತಲೆಯೆತ್ತದೆ, "ಹೌದಮ್ಮ, ಅಪ್ಪ ಸಖತ್ತಾಗಿ ನಿಲ್ಲಿಸಿದ್ರು" ಎಂದಳು. ಎದೆ ಉಬ್ಬಿತು.

ಮಾರ್ಚ್ 23, ಭಾನುವಾರ

ಬ್ರೇಕ್: 6. ಹೊರಡುವಾಗ ಅವಳೇ, "ಅಪ್ಪ, ಬೆಲ್ಟು" ಎಂದಳು. ಮರೆತಿದ್ದೆ. ಹಾಕಿಕೊಂಡೆ.

ಇಂದು ಕೆರೆಯ ಸುತ್ತಿನ ರಸ್ತೆಯಲ್ಲಿ ಅರ್ಧ ಗಂಟೆ ಮಾತಿಲ್ಲದೆ ಹೋದೆವು. ಕಿಟಕಿಯಿಂದ ಗಾಳಿ. ಗೇರ್ ಬದಲಿಸುವಾಗ ಅವಳ ತುಟಿ ಒಂದು ಪಕ್ಕಕ್ಕೆ ಓರೆಯಾಗುತ್ತದೆ. ನಮ್ಮವಳು ಸೂಜಿಗೆ ದಾರ ಪೋಣಿಸುವಾಗ ಆಗುವುದೂ ಹಾಗೆಯೇ. ಹದಿನೆಂಟು ವರ್ಷದಿಂದ ಈ ಮುಖ ನೋಡುತ್ತಿದ್ದೇನೆ, ಪಕ್ಕದಿಂದ ಇಷ್ಟು ಹೊತ್ತು ನೋಡಿರಲಿಲ್ಲ. ಎದುರಿಗೆ ಕೂತರೆ ಫೋನು ನೋಡುತ್ತಾಳೆ, ಇಲ್ಲವೇ ಬಾಗಿಲು ಹಾಕಿಕೊಳ್ಳುತ್ತಾಳೆ. ಕಾರಿನಲ್ಲಿ ಎಲ್ಲಿಗೂ ಹೋಗಲಾರಳು. ಪಾಠ ಮುಗಿಯದಿದ್ದರೆ ಚೆನ್ನ ಎಂದು ಒಂದು ಗಳಿಗೆ ಅನ್ನಿಸಿತು.

ಮಾರ್ಚ್ 27, ಗುರುವಾರ

ಬ್ರೇಕ್: 5. ಡಾಕ್ಟರಮ್ಮ ಫೋನ್ ಮಾಡಿ, ಹುಡುಗಿ ಸಿದ್ಧಳಾದಳೇ ಎಂದು ಕೇಳಿದರು. ಇನ್ನೊಬ್ಬಳು ಕೇಳಿಕೊಂಡು ಬಂದಿದ್ದಾಳಂತೆ. ನೋಡೋಣ ಎಂದೆ.

ಮಾರ್ಚ್ 30, ಭಾನುವಾರ

ಬ್ರೇಕ್: 5. ನಾಲ್ಕು ದಿನದಿಂದ ಐದರಲ್ಲೇ ನಿಂತಿದೆ.

ಮಧ್ಯಾಹ್ನ ಅರ್ಜಿ ತಂದು ಮೇಜಿನ ಮೇಲೆ ಇಟ್ಟಳು, ಪಕ್ಕದಲ್ಲಿ ಪೆನ್ನು. ಸೊನ್ನೆ ಬಂದಿಲ್ಲವಲ್ಲ ಎಂದೆ. ಕೂಗಾಡುತ್ತಾಳೆ ಎಂದು ಸಿದ್ಧನಾಗಿಯೇ ಕೂತಿದ್ದೆ. ಕೂಗಲಿಲ್ಲ. "ಸೊನ್ನೆ ಯಾರ ಕಾಲಿಂದ ಬರ್ಬೇಕಪ್ಪ?" ಎಂದು ಮೆಲ್ಲಗೆ ಕೇಳಿ, ಪೆನ್ನಿನ ಮುಚ್ಚಳ ಹಾಕಿ ಒಳಗೆ ಹೋದಳು. ಅರ್ಜಿ ಅಲ್ಲೇ ಇದೆ. ಗಾಳಿಗೆ ಹಾರದಂತೆ ಅದರ ಮೇಲೆ ನಾನೇ ಕನ್ನಡಕದ ಡಬ್ಬಿ ಇಟ್ಟಿದ್ದೇನೆ.

ನಮ್ಮವಳು ಎಂದಿನಂತೆ ಟೀ ತಂದಿಟ್ಟಳು. ಟೀ ಮಾತ್ರ ತಣ್ಣಗಿತ್ತು.

ನಿಯಮ ನಿಯಮವೇ. ಮಗಳೆಂದು ಸಡಿಲಿಸಿದರೆ ಉಳಿದವರಿಗೆ ಯಾವ ಮುಖ ಇಟ್ಟುಕೊಂಡು ಹೇಳಲಿ?

ಮಾರ್ಚ್ 31, ಸೋಮವಾರ

ಇಂದು ಬಹಳ ಬರೆಯಬೇಕು. ಎಲ್ಲಿಂದ ಶುರುಮಾಡಲಿ ತಿಳಿಯುತ್ತಿಲ್ಲ.

ಕಾರಿನ ಎಡಗಡೆ ದೀಪ ಉರಿಯುತ್ತಿರಲಿಲ್ಲ. ಬೆಳಗ್ಗೆ ಪಾಠ ಮಾಡುವ ಬದಲು ಮೆಕ್ಯಾನಿಕ್ ಹತ್ತಿರ ಒಯ್ದೆ. ಅವನು ಬಲ್ಬ್ ಹಾಕಿ, ಕೈ ಒರೆಸಿಕೊಳ್ಳುತ್ತ ಬಗ್ಗಿ ನನ್ನ ಕಾಲ ಬಳಿ ನೋಡಿದವನು ಹಾಗೇ ಕೂತುಬಿಟ್ಟ.

"ಮೇಷ್ಟ್ರೇ, ಈ ತಂತಿ ಯಾರು ಬಿಚ್ಚಿದ್ದು?"

"ಯಾವ ತಂತಿ?"

"ನಿಮ್ಮ ಬ್ರೇಕ್ ತಂತಿ. ನೇತಾಡ್ತಾ ಇದೆ." ಆಮೇಲೆ ತಲೆಯ ಮೇಲೆ ಕೈಯಿಟ್ಟುಕೊಂಡ. ಕ್ಲಚ್ ಕೆಲಸಕ್ಕೆ ಅಡ್ಡ ಬಂತೆಂದು ಬಿಚ್ಚಿದ್ದವನು ಅವನೇ. ಮತ್ತೆ ಸಿಕ್ಕಿಸಲು ಮರೆತಿದ್ದ.

ನನಗೆ ನಂಬಿಕೆ ಬರಲಿಲ್ಲ. ಅಲ್ಲಯ್ಯಾ, ನಾನು ದಿನಾ ಒತ್ತುತ್ತಿದ್ದೇನೆ, ಕಾರು ದಿನಾ ನಿಲ್ಲುತ್ತಿದೆ ಎಂದೆ. ಪೆಡಲ್ ಕೆಳಗೆ ಸ್ಪ್ರಿಂಗ್ ಇದೆ, ಅದಕ್ಕೇ ನಿಮಗೆ ಒತ್ತಿದ ಹಾಗಾಗಿದೆ ಅಷ್ಟೇ ಎಂದ. ನನ್ನನ್ನೇ ಕೂರಿಸಿ ಕಾರು ತಳ್ಳಿ ತೋರಿಸಿದ. ಒತ್ತಿದೆ. ಕಾರು ತನ್ನ ಪಾಡಿಗೆ ಉರುಳುತ್ತ ಹೋಗಿ, ಟೈರುಗಳ ರಾಶಿಗೆ ಮೆತ್ತಗೆ ಮೂಗು ತಾಗಿಸಿ ನಿಂತಿತು.

ಅಲ್ಲೇ ಸ್ಟೂಲಿನ ಮೇಲೆ ಕೂತು ಪಾಠದ ಲೆಕ್ಕದ ಪುಸ್ತಕ ತೆಗೆದೆ. ಕಾರು ವಾಪಸು ಬಂದದ್ದು ಹದಿಮೂರಕ್ಕೆ. ಅಂದಿನಿಂದ ಹದಿನೇಳು ಪಾಠ. ನೂರಾ ಹದಿನೆಂಟು ಸಲ ಒತ್ತಿದ್ದೇನೆ. ನೂರಾ ಹದಿನೆಂಟು ಸಲವೂ ಕಾರು ನಿಂತಿದೆ. ಒಂದು ಸಲವೂ ನಾನು ನಿಲ್ಲಿಸಿಲ್ಲ.

ಮೆಕ್ಯಾನಿಕ್ ತಪ್ಪಾಯಿತು ಎಂದು ಹತ್ತು ಸಲ ಹೇಳಿದ. ಬೈಯಬೇಕಿತ್ತು. ನನ್ನ ಬಾಯಿಂದ ಬಂದದ್ದು, "ನಾಯಿ?" ಎಂಬ ಒಂದೇ ಮಾತು. ಅವನಿಗೆ ಅರ್ಥವಾಗಲಿಲ್ಲ.

ಮನೆಗೆ ಬಂದಾಗ ಹಾರ್ನು ಹಿತ್ತಲಿನಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ತಂತಿಯ ವಿಷಯ ಹೇಳಿದೆ. ಅವಳಿಗೆ ಆಶ್ಚರ್ಯವಾಗಲಿಲ್ಲ. ಕೈಯಲ್ಲಿದ್ದ ನನ್ನ ಅಂಗಿಯನ್ನು ಸರಿಯಾಗಿ ಕೊಡವಿ, ಕ್ಲಿಪ್ ಹಾಕಿ, ಆಮೇಲೆ ನನ್ನ ಕಡೆ ತಿರುಗಿದಳು.

"ಗೊತ್ತಿತ್ತು ಅಪ್ಪ."

"ಯಾವಾಗಿಂದ?"

"ಕಾರು ರಿಪೇರಿಯಾಗಿ ಬಂದ ಮೊದಲನೇ ದಿನದಿಂದ. ನೀನು ಒತ್ತಿದ್ರೆ ನನ್ನ ಪೆಡಲ್ ಕೆಳಗೆ ಹೋಗ್ತಿತ್ತಲ್ಲ, ಅವತ್ತು ಹೋಗ್ಲಿಲ್ಲ. ಹೇಳೋಕೆ ಬಾಯಿ ತೆಗೆದೆ. ಸೈಕಲ್ ಬಂತು, ನಾನು ನಿಲ್ಲಿಸ್ದೆ. ನೀನು 'ನಾನಿಲ್ದಿದ್ರೆ' ಅಂದೆ. ಆಮೇಲೆ ಹೇಳೋಕಾಗ್ಲಿಲ್ಲ."

ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತೆ. ಒಂದೊಂದಾಗಿ ಕೇಳಿದೆ, ಒಂದೊಂದಾಗಿ ಹೇಳಿದಳು. ರಸ್ತೆ ನೋಡಿ ನಿಲ್ಲಿಸಿದ್ದು ಕೆಲವು ಸಲ. ಉಳಿದ ಸಲ ನನ್ನ ಚಪ್ಪಲಿ ಪೆಡಲಿಗೆ ತಾಗಿದ ಸದ್ದು ಕೇಳಿದ ಕೂಡಲೇ ತಾನೂ ಒತ್ತುತ್ತಿದ್ದಳಂತೆ, ಬೇಕಿರಲಿ ಬೇಡದಿರಲಿ. ಯಾಕೆ ಎಂದೆ.

"ನಿಲ್ಲದಿದ್ರೆ ನೀನು ಹೆದರ್ಕೊಳ್ತಿದ್ದೆ" ಎಂದಳು.

ನಾಯಿಯ ದಿನ ಏನಾಯಿತು ಎಂದು ಕೊನೆಗೆ ಕೇಳಿದೆ. ಕೇಳಬಾರದಿತ್ತು. ವ್ಯಾನಿನ ಕೆಳಗೆ ಅದರ ಕಾಲುಗಳು ಮೊದಲೇ ಕಂಡಿದ್ದವಂತೆ. ನನ್ನ ಚಪ್ಪಲಿ ಸದ್ದು ಮಾಡುವ ಹೊತ್ತಿಗೆ ಕಾರು ನಿಂತಾಗಿತ್ತಂತೆ. "ನೀನು ಅಮ್ಮಂಗೆ ಅಷ್ಟು ಖುಷಿಯಾಗಿ ಹೇಳ್ತಿದ್ದೆ, ಸುಮ್ನಿದ್ದೆ."

ಆಗ ನನ್ನೊಳಗಿನ ಮೇಷ್ಟ್ರಿಗೆ ಕೋಪ ಬಂತು. ಬರಬೇಕಾದದ್ದೇ. ಗಾಡಿಯಲ್ಲಿ ದೋಷ ಇದೆಯೆಂದು ಗೊತ್ತಿದ್ದೂ ಮುಚ್ಚಿಡುವುದು ಎಂಥ ಬುದ್ಧಿ, ಅಪ್ಪನ ಮನಸ್ಸು ನೋವಾದರೆ ಆಗಲಿ, ನಿಲ್ಲಿಸಿ ಹೇಳಬೇಕಿತ್ತು, ಡಾಕ್ಟರಮ್ಮನ ಕಾರಿನಲ್ಲೂ ಹೀಗೆ ಮಾಡುತ್ತೀಯಾ ಎಂದು ಗದರಿದೆ. ಹಾರ್ನು ಈಗ ಬಾರಿಸುತ್ತದೆ, ಈಗ ಬಾರಿಸುತ್ತದೆ ಎಂದು ಕಾದೆ. ಅವಳು ಪೂರ್ತಿ ಕೇಳಿಸಿಕೊಂಡು, "ಹೌದಪ್ಪ, ಅದು ನನ್ನ ತಪ್ಪು. ನಿಲ್ಸಿ ಹೇಳ್ಬೇಕಿತ್ತು. ಇನ್ನೊಂದು ಸಲ ಹಾಗೆ ಮಾಡಲ್ಲ" ಎಂದಳು. ಅಷ್ಟೇ. ಬಕೆಟ್ ಎತ್ತಿಕೊಂಡು ಒಳಗೆ ಹೋದಳು.

ನನ್ನ ಹತ್ತಿರ ಇನ್ನೂ ಅರ್ಧ ಗಂಟೆಯ ಬೈಗುಳ ಬಾಕಿಯಿತ್ತು. ಕೇಳುವವರಿಲ್ಲದೆ ಹಿತ್ತಲಿನಲ್ಲೇ ಉಳಿಯಿತು.

ಸಂಜೆ ನಮ್ಮವಳಿಗೆ ಎಲ್ಲ ಹೇಳಿದೆ. ಅವಳು ಸಮವಸ್ತ್ರವನ್ನೂ ಬದಲಿಸದೆ ಮಂಚದ ಮೇಲೆ ಬಿದ್ದು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ರೀ, ಆ ನಾಯಿ ಕಥೆ ಇನ್ನೊಂದು ಸಲ ಹೇಳಿ" ಎಂದಳು.

ಏಪ್ರಿಲ್ 1, ಮಂಗಳವಾರ

ತಂತಿ ಸಿಕ್ಕಿಸಲಾಗಿದೆ. ನಾನೇ ಹತ್ತು ಸಲ ಒತ್ತಿ ನೋಡಿದೆ. ಪಾಠವಿಲ್ಲ. ಏನೂ ಬರೆಯಲು ತೋಚುತ್ತಿಲ್ಲ.

ಏಪ್ರಿಲ್ 2, ಬುಧವಾರ

ಬೆಳಗ್ಗೆ ನಾನಾಗಿಯೇ ಹೊರಡು ಎಂದೆ. ಬ್ರೇಕ್ ಸರಿಯಾಗಿದೆ, ಅಂದರೆ ಈ ಕಾಲು ಒತ್ತಿದರೆ ಕಾರು ನಿಂತೇ ನಿಲ್ಲುತ್ತದೆ. ಕಾಲಿನ ಮೇಲೆ ನನಗೆ ನಂಬಿಕೆಯಿಲ್ಲ. ಆದ್ದರಿಂದ ಚಪ್ಪಲಿ ಬಿಚ್ಚಿ, ಸೀಟಿನ ಮೇಲೆ ಎರಡೂ ಕಾಲು ಮಡಚಿ ಚಕ್ಕಳಮಕ್ಕಳ ಹಾಕಿ ಕೂತೆ. ಬೇಕೆಂದರೆ ಒಂದು ಗಳಿಗೆಯಲ್ಲಿ ಇಳಿಸಬಹುದು. ಆದರೆ ಇಳಿಸಬೇಕೆಂದು ಮೊದಲು ಯೋಚಿಸಬೇಕಾಗುತ್ತದೆ. ಹಾರ್ನು ನೋಡಿದಳು. ನಗು ಬಂದರೂ ನುಂಗಿಕೊಂಡಳು. "ಅಪ್ಪ, ಬೆಲ್ಟು" ಎಂದಳು.

ಬ್ರೆಡ್ ಅಂಗಡಿಯ ತಿರುವು, ಶಾಲೆ ಶುರುವಾಗುವ ಹೊತ್ತಿನ ಗದ್ದಲ, ಸಂತೆ ರಸ್ತೆ, ಸೇತುವೆ. ಸೇತುವೆಯಾಚೆ ಡ್ರೈವಿಂಗ್ ಶಾಲೆಯ ಮೇಡಂ ತಮ್ಮ ಬಾಗಿಲಲ್ಲಿ ನಿಂತಿದ್ದರು. ಬ್ರೇಕ್ ಮೇಷ್ಟ್ರು ಕಾಲು ಮಡಚಿಕೊಂಡು ಹೋಗುವುದನ್ನು ನೋಡಿ ಕೈಯಲ್ಲಿದ್ದ ಲೋಟ ಕೆಳಗಿಟ್ಟು ಕೈಮುಗಿದರು. ನಾನೂ ಮುಗಿದೆ. ಎರಡೂ ಕೈ ಖಾಲಿಯಿತ್ತಲ್ಲ.

ಮೊಣಕಾಲು ಜೋಮು ಹಿಡಿದು ಇಳಿಯುವಾಗ ಹಾರ್ನು ಕೈಹಿಡಿದು ಇಳಿಸಬೇಕಾಯಿತು.

ಬ್ರೇಕ್: 0. ಅರ್ಜಿಗೆ ಸಹಿ ಹಾಕಿದೆ. ಕನ್ನಡಕದ ಡಬ್ಬಿಯ ಗುರುತು ಕಾಗದದ ಮೇಲೆ ಬಿದ್ದಿತ್ತು, ಉಜ್ಜಿದೆ, ಹೋಗಲಿಲ್ಲ.

ಏಪ್ರಿಲ್ 7, ಸೋಮವಾರ

ಹದಿನೆಂಟು. ಬೆಳಗ್ಗೆ ಹಾರೈಸಲು ಕೋಣೆಗೆ ಹೋದರೆ ಅಷ್ಟು ಹೊತ್ತಿಗೇ ಎದ್ದು ಕಾರು ತೊಳೆಯುತ್ತಿದ್ದಳು. ನಾನೂ ಒಂದು ಬಟ್ಟೆ ಹಿಡಿದು, ಅವಳು ತೋರಿಸಿದ ಕಡೆ ಒರೆಸಿದೆ.

ಏಪ್ರಿಲ್ 8, ಮಂಗಳವಾರ

ಪರೀಕ್ಷೆ ಮಾಡುವ ಸಾಹೇಬರು ನನಗೆ ಇಪ್ಪತ್ತು ವರ್ಷದ ಪರಿಚಯ. ಅವರ ಮೈದಾನದ ಬೇಲಿಯ ಹೊರಗೆ ನಿಂತು ನೂರಾರು ಮಕ್ಕಳನ್ನು ನೋಡಿದ್ದೇನೆ. ಇಂದು ಬೇಲಿಯನ್ನು ಹಿಡಿದುಕೊಂಡಿದ್ದೇನೆಂದು ತಿಳಿದದ್ದು ಕೈಗೆ ತುಕ್ಕು ಮೆತ್ತಿದ ಮೇಲೆ. ರಿವರ್ಸ್ ಸರಿ. ಏರಿನಲ್ಲಿ ನಿಲ್ಲಿಸಿ ಹೊರಟದ್ದು ಸರಿ. ಕೊನೆಯ ತಿರುವಿನಲ್ಲಿ ಕಾರು ಇದ್ದಕ್ಕಿದ್ದಂತೆ ನಿಂತಿತು. ಅಲ್ಲಿ ನಿಲ್ಲಬೇಕಾದ ಕಾರಣವೇ ಇರಲಿಲ್ಲ. ಹಾರ್ನು ಸಾಹೇಬರಿಗೆ ಏನೋ ಹೇಳಿದಳು. ಸಾಹೇಬರು ಇಳಿದರು, ಹಿಂದಿನ ಟೈರ್ ನೋಡಿದರು, ತಲೆಯಾಡಿಸಿದರು. ನನ್ನ ಪ್ರಾಣ ಬೇಲಿಯ ಮೇಲಿತ್ತು.

ಟೈರಿಗೆ ಮೊಳೆ ಚುಚ್ಚಿತ್ತು. ಗಾಡಿ ಎಳೆಯುತ್ತಿದೆ ಎಂದು ಅನ್ನಿಸಿ ನಿಲ್ಲಿಸಿ ಹೇಳಿದ್ದಳು.

"ಪರೀಕ್ಷೆ ನಡೀತಿರುವಾಗ ಗಾಡಿ ನಿಲ್ಸಿ, ಸಾರ್ ತೊಂದರೆ ಇದೆ ಅಂತ ಹೇಳಿದೋರು ಇವಳೇ ಮೊದಲು" ಎಂದು ಸಾಹೇಬರು ಸಹಿ ಹಾಕುತ್ತ ಹೇಳಿದರು. "ಚೆನ್ನಾಗಿ ಕಲಿಸಿದ್ದೀರಿ ಮೇಷ್ಟ್ರೇ."

ಹಿತ್ತಲಿನಲ್ಲಿ ಅರ್ಧಕ್ಕೆ ಉಳಿದ ಬೈಗುಳ ನೆನಪಾಯಿತು. ಹೂಂ ಎಂದೆ.

ಹಾರ್ನು ಓಡಿಬಂದು ಕುತ್ತಿಗೆಗೆ ಜೋತುಬಿದ್ದು, ಮೈದಾನಕ್ಕೆಲ್ಲ ಕೇಳುವಂತೆ ಕೂಗಿದಳು. ಹದಿನೈದು ದಿನದ ಕೂಸಿನದೇ ಗಂಟಲು. ಒಂದು ತಿಂಗಳಿಂದ ಆ ಸದ್ದಿಗೆ ಎಷ್ಟು ಹಸಿದಿದ್ದೆನೆಂದು ಆಗಲೇ ಗೊತ್ತಾದದ್ದು. ಅಲ್ಲಿಂದಲೇ ಡಾಕ್ಟರಮ್ಮನಿಗೆ ಫೋನ್ ಮಾಡಿದಳು.

ಏಪ್ರಿಲ್ 14, ಸೋಮವಾರ

ಇಂದು ಅವಳ ಕೆಲಸದ ಮೊದಲ ದಿನ. ದಾರಿಯಲ್ಲಿ ಅಮ್ಮನನ್ನು ಆಸ್ಪತ್ರೆಗೆ ಬಿಟ್ಟು, ಆಮೇಲೆ ಡಾಕ್ಟರಮ್ಮನ ಮನೆಗೆ ಹೋಗಿ ಅವರ ಕಾರು ಹತ್ತುವುದೆಂದು ಇಬ್ಬರೂ ಸೇರಿ ತೀರ್ಮಾನಿಸಿದ್ದರು. ಹಳೆಯ ಕಾರನ್ನು ವಾಪಸು ತರಲು ಯಾರಾದರೂ ಬೇಕಲ್ಲ ಎಂದು ನಾನೂ ಅಂಗಿ ಹಾಕಿಕೊಂಡು ಹೊರಟೆ.

ಮುಂದಿನ ಬಾಗಿಲು ತೆರೆಯಲು ಹೋದೆ. ಅಲ್ಲಿ ನಮ್ಮವಳು ಕೂತಿದ್ದಳು, ನನ್ನ ಸೀಟಿನಲ್ಲಿ. ಎರಡನೆಯ ಬ್ರೇಕಿನ ಪೆಡಲ್ ಮೇಲೆ ತನ್ನ ಊಟದ ಚೀಲ ಇಟ್ಟುಕೊಂಡಿದ್ದಳು. ಇಪ್ಪತ್ತೆರಡು ವರ್ಷದಿಂದ ಬಸ್ಸಿನಲ್ಲಿ ಹೋದವಳು, ರಾಣಿಯ ಹಾಗೆ ಕಿಟಕಿಗೆ ಮೊಣಕೈ ಊರಿ, "ಹಿಂದೆ ಕೂತ್ಕೊಳ್ಳಿ" ಎಂದಳು. ಚೀಲವನ್ನಾದರೂ ಆ ಪೆಡಲ್ ಮೇಲಿಂದ ತೆಗೆಯೇ ಎಂದೆ. ಮಗಳೂ ಅದನ್ನೇ ಹೇಳಿದ್ದಳಂತೆ. ತೆಗೆದು ಮಡಿಲಲ್ಲಿ ಇಟ್ಟುಕೊಂಡಳು.

ಹಿಂದೆ ಕೂತೆ. "ಅಪ್ಪ, ಬೆಲ್ಟು" ಎಂದಳು. ಕನ್ನಡಿಯಲ್ಲಿ ಅವಳ ಕಣ್ಣು ಮಾತ್ರ ಕಾಣುತ್ತಿತ್ತು. ಬೆಳಗಿನ ಬಿಸಿಲು ಎದುರಿಗಿತ್ತು. ತಾಯಿ ಮಗಳು ಯಾವುದೋ ಹಸುವಿನ ವಿಷಯ ಮಾತಾಡಿಕೊಂಡು ನಗುತ್ತಿದ್ದರು. ನನಗೆ ಅರ್ಧ ಕೇಳಿಸಿತು. ಅರ್ಧವೇ ಸಾಕಾಗಿತ್ತು.

ಹಿಂದಿನ ಸೀಟಿಗೆ ಪೆಡಲ್ ಇಲ್ಲ. ಇದ್ದದ್ದನ್ನು ಇದ್ದಂತೆ ಬರೆಯುತ್ತೇನೆ: ಮೂರು ಸಲ ಒತ್ತಿದೆ. ಮೊದಲನೆಯದು ಬ್ರೆಡ್ ಅಂಗಡಿಯ ತಿರುವಿನಲ್ಲಿ, ಎರಡನೆಯದು ಸಂತೆ ರಸ್ತೆಯಲ್ಲಿ. ಚಪ್ಪಲಿ ನೆಲಕ್ಕೆ ತಾಗಿದ ಸದ್ದಿಗೆ ಎರಡೂ ಸಲ ಕಾರು ನಿಧಾನವಾಯಿತು.

ಮೂರನೆಯದು ಸೇತುವೆಯ ಮೇಲೆ. ಕಾರು ನಿಧಾನವಾಗಲಿಲ್ಲ. ನಾನು ತಲೆಯೆತ್ತಿ ನೋಡಿದೆ. ರಸ್ತೆ ಖಾಲಿಯಿತ್ತು.